ನಮ್ಮನೆ ಮೂರು ತಲೆಮಾರಿನ ಬೆಳಿಗ್ಗೆ

ಹೋದ ತಿಂಗಳು ಬನಶಂಕರಿಲಿ ಮಗಳ ಮನೇಲಿ ಕೂತು ಮಗೂಗೆ ಎಣ್ಣೆ ಹಚ್ತಾ ಇದ್ದೆ. ಮಗಳು ಹೆರಿಗೆ ರಜ ಮುಗಿಸಿ ವಾಪಸ್ ಕೆಲಸಕ್ಕೆ ಹೋಗೋ ದಿನ ಹತ್ರ ಬಂದಿತ್ತು. ತಿಂಡಿ, ಡಬ್ಬಿ, ಮಗೂ ಸ್ನಾನ, ಹಾಲು, ಎಲ್ಲಾ ಎಷ್ಟೊತ್ತಿಗೆ ಮುಗಿಸ್ಬೇಕು ಅಂತ ಒಂದು ಹಾಳೇಲಿ ಬರ್ಕೊಂಡು ತಲೆ ಕೆಡಿಸ್ಕೋತಿದ್ಲು. ನಾನು ಸುಮ್ನಿರಲಾರದೆ, "ಐದಕ್ಕೆ ಎದ್ರೆ ಎಲ್ಲಾ ಆಗುತ್ತೆ ಬಿಡೇ, ನಾನು ಮಾಡ್ಲಿಲ್ವಾ?" ಅಂದೆ. ಅವಳು ಹಾಳೆಯಿಂದ ತಲೆ ಎತ್ತದೆ, "ಮಾಡ್ದೆ ಅಮ್ಮ. ಆದ್ರೆ ಬೆಳಿಗ್ಗೆ ಅಂದ್ರೆ ನಂಗೆ ನಿನ್ನ ಬೆನ್ನೇ ನೆನಪಿರೋದು. ಮುಖ ನೆನಪಿಲ್ಲ" ಅಂದ್ಲು.

ಅವಳು ಬೈದಿದ್ರೂ ಅಷ್ಟು ನೋಯ್ತಿರ್ಲಿಲ್ಲ. ಎರಡು ರಾತ್ರಿ ನಿದ್ದೆ ಸರಿಯಾಗಿ ಹತ್ತಲಿಲ್ಲ. ಮೂರನೇ ದಿನ ಹಂಗೇ ಮಲಗಿ ಯೋಚ್ನೆ ಮಾಡ್ತಿರುವಾಗ ಹೊಳೀತು: ನಮ್ಮವ್ವನ ಬೆಳಿಗ್ಗೆ ನೆನೆಸ್ಕೊಂಡ್ರೆ ನಂಗೂ ಕಾಣೋದು ಬೆನ್ನೇ. ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತ ಬೆನ್ನು, ಬೋರ್‌ವೆಲ್ ಹಿಡಿ ಒತ್ತೋ ಬೆನ್ನು. ಅದಕ್ಕೇ ಈ ಸಲ ಸಾರು ಪಲ್ಯದ ವಿಷ್ಯ ಬಿಟ್ಟು ಬೆಳಿಗ್ಗೆಯ ಚರಿತ್ರೆ ಬರೀತಿದೀನಿ. ಶಾಲೇಲಿ ರಾಜರು ಯಾವ ಇಸವೀಲಿ ಪಟ್ಟಕ್ಕೆ ಬಂದ್ರು ಅಂತ ಬಾಯಿಪಾಠ ಮಾಡಿದ್ವಿ. ಮನೇಲಿ ಯಾರು ಎಷ್ಟೊತ್ತಿಗೆ ಎದ್ರು ಅನ್ನೋದು ಯಾವ ಪಾಠದಲ್ಲೂ ಇರ್ಲಿಲ್ಲ.

ನಮ್ಮೂರು ಕುಣಿಗಲ್ ತಾಲ್ಲೂಕು. ನಾನು ಚಿಕ್ಕವಳಿದ್ದಾಗ ಊರಲ್ಲಿ ಗಡಿಯಾರ ಇದ್ದದ್ದು ಒಂದೋ ಎರಡೋ ಮನೇಲಿ. ಅಜ್ಜಿ ಏಳ್ತಿದ್ದುದು ಬೆಳ್ಳಿ ಮೂಡಿದ ಹೊತ್ತಿಗೆ. ಎದ್ದು ಬಾಗಿಲಿಗೆ ನೀರು ಹಾಕಿ, ಕೊಟ್ಟಿಗೆ ಬಾಚಿ, ರಾಗಿ ಬೀಸೋಕೆ ಕೂರೋರು. ಬೀಸೋ ಕಲ್ಲಿನ ಸದ್ದು, ಜತೆಗೆ ಅವರ ಪದ, ಅದೇ ನಮಗೆ ಅಲಾರಂ. ಗಂಡಸರು ಆರಂಬಕ್ಕೆ ಹೊರಡೋ ಹೊತ್ತಿಗೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ಆಗಿರ್ಬೇಕು. ಆದ್ರೆ ಒಂದು ಮಾತು ಹೇಳ್ಬೇಕು. ಹತ್ತು ನಿಮಿಷ ತಡ ಆದ್ರೆ ಹೊಲ ಬಾಗಿಲು ಹಾಕ್ಕೊಳ್ತಿರ್ಲಿಲ್ಲ. ಕೆಲಸ ರಾಶಿ ಇತ್ತು, ನಿಮಿಷದ ಲೆಕ್ಕ ಇರ್ಲಿಲ್ಲ.

ತನ್ನ ಕೋಳಿ ಕೂಗಿದ್ರೇ ಊರಿಗೆ ಬೆಳಕಾಗೋದು ಅಂತ ಜಂಬ ಪಟ್ಟ ಅಜ್ಜಿ ಕಥೆ ನಿಮಗೆಲ್ಲ ಗೊತ್ತು. ಕೋಳಿ ಕಂಕುಳಲ್ಲಿ ಇಟ್ಕೊಂಡು ಊರು ಬಿಟ್ಟು ಹೋದ್ರೂ ಊರಿಗೆ ಬೆಳಕಾಯ್ತು, ಅಜ್ಜಿ ಪೆಚ್ಚಾದ್ಲು. ನಂಗೆ ಈಗ ಆ ಕಥೆ ಕೇಳಿದ್ರೆ ಬೇರೆ ಥರ ಅನ್ಸುತ್ತೆ. ಸೂರ್ಯ ಹುಟ್ಟೋಕೆ ಅಜ್ಜಿ ಬೇಡ, ಸರಿ. ಒಲೆ ಉರಿಯೋಕೆ?

1976ರಲ್ಲಿ ಬೆಂಗಳೂರಿಗೆ ಬಂದ್ವಿ, ನಂಗಾಗ ಎಂಟು ವರ್ಷ. ಯಶವಂತಪುರದ ಹತ್ರ ಒಂದು ವಠಾರ. ಇಲ್ಲಿ ಬೆಳ್ಳಿ ಚುಕ್ಕಿ ನೋಡೋರು ಯಾರೂ ಇರ್ಲಿಲ್ಲ, ಕಾರ್ಖಾನೆ ಸೈರನ್ ಕೇಳೋದು. ನಮಗಿಂತ ಮುಂಚೆನೇ ಈ ಊರು ಸೈರನ್‌ಗೆ ಏಳೋದು ಕಲ್ತಿತ್ತು. ಬಿನ್ನಿ ಮಿಲ್ಲು ಹತ್ತೊಂಬತ್ತನೇ ಶತಮಾನದ್ದು. ಆಮೇಲೆ 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದ ಐಟಿಐ, 1953ರಲ್ಲಿ ಜಾಲಹಳ್ಳಿ ಎಚ್‌ಎಂಟಿ, ಮರುವರ್ಷ ಬಿಇಎಲ್. ಸಾವಿರಾರು ಜನ ಒಂದೇ ನಿಮಿಷಕ್ಕೆ ಒಂದೇ ಗೇಟಿನ ಒಳಗಿರ್ಬೇಕು ಅನ್ನೋದನ್ನ ಊರಿಗೆ ಕಲಿಸಿದ್ದು ಇವು.

ಎಚ್‌ಎಂಟಿಯೋರು ಆ ನಿಮಿಷವನ್ನೂ ತಾವೇ ತಯಾರು ಮಾಡಿದ್ರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜತೆ ಸೇರಿ ವಾಚಿನ ಕಾರ್ಖಾನೆ ಶುರು ಮಾಡಿದ್ರು. ಕಣ್ಣಿಗೆ ಕಾಣದಷ್ಟು ಸಣ್ಣ ಚಕ್ರ ಜೋಡಿಸೋ ಆ ಕೆಲಸದಲ್ಲಿ ಹೆಂಗಸರೂ ಬೇಕಾದಷ್ಟು ಜನ ಇದ್ರು. ನಮ್ಮಪ್ಪ ಕಂತಲ್ಲಿ ಒಂದು ಎಚ್‌ಎಂಟಿ ಜನತಾ ತಗೊಂಡ್ರು. ಬೆಳಿಗ್ಗೆ ಎದ್ದ ತಕ್ಷಣ ಅದಕ್ಕೆ ಕೀ ಕೊಡೋದು ಅವರ ಮೊದಲ ಕೆಲಸ, ದೇವರಿಗೆ ಕೈ ಮುಗಿಯೋದು ಆಮೇಲೆ. ಅವ್ವ ಕೊನೇವರೆಗೂ ವಾಚು ಕಟ್ಲಿಲ್ಲ. ಅಪ್ಪನ ವಾಚು ನಡೀಬೇಕಾದ್ರೆ ಅದಕ್ಕಿಂತ ಮುಂಚೆ ಅವ್ವ ನಡೀಬೇಕಿತ್ತು.

ಅಪ್ಪನಿಗೆ ಪೀಣ್ಯದ ಒಂದು ವರ್ಕ್‌ಶಾಪಲ್ಲಿ ಲೇತ್ ಕೆಲಸ ಸಿಕ್ತು. ಆ ಎಪ್ಪತ್ತರ ದಶಕದಲ್ಲೇ ಪೀಣ್ಯದ ಹೊಲ ಗದ್ದೆಯೆಲ್ಲ ಶೆಡ್ ಆಗ್ತಿತ್ತು. ಅಲ್ಲಿನ ಕೈಗಾರಿಕೆಯೋರ ಸಂಘ ಹುಟ್ಟಿದ್ದು 1978ರಲ್ಲಿ. ದೊಡ್ಡ ಸರ್ಕಾರಿ ಕಾರ್ಖಾನೆಗಳಿಗೆ ಬೇಕಾದ ಸಣ್ಣ ಸಣ್ಣ ಬಿಡಿಭಾಗ ಮಾಡಿಕೊಡೋ ಅಂಗಡಿಯಂಥ ಕಾರ್ಖಾನೆಗಳೇ ಹೆಚ್ಚು. ಅಲ್ಲಿ ಕ್ವಾರ್ಟರ್ಸ್ ಇಲ್ಲ, ಕಂಪನಿ ಬಸ್ಸಿಲ್ಲ, ಕ್ಯಾಂಟೀನ್ ಇಲ್ಲ. ಫಸ್ಟ್ ಶಿಫ್ಟ್ ಬೆಳಿಗ್ಗೆ ಆರಕ್ಕೆ. ಅಪ್ಪ ಐದೂಕಾಲಿಗೆ ಸೈಕಲ್ ಹತ್ತಬೇಕು, ಹ್ಯಾಂಡಲ್ಲಿಗೆ ಕ್ಯಾರಿಯರ್ ನೇತುಹಾಕ್ಬೇಕು.

ಇದನ್ನ ಹಿಂದಕ್ಕೆ ಲೆಕ್ಕ ಹಾಕಿ ನೋಡಿ. ಐದೂಕಾಲಿಗೆ ಕ್ಯಾರಿಯರ್ ಬೇಕಾದ್ರೆ ನಾಲ್ಕೂವರೆಗೆ ಒಲೆ ಹತ್ತಿರ್ಬೇಕು. ಒಲೆ ಹತ್ತೋಕೆ ಮುಂಚೆ ನೀರು ಬೇಕು. ಕಾವೇರಿ ಮೊದಲನೇ ಹಂತದ ನೀರು ಬೆಂಗಳೂರಿಗೆ ಬಂದಿದ್ದು 1974ರಲ್ಲಿ, ಆದ್ರೆ ಊರ ಅಂಚಲ್ಲಿದ್ದ ನಮಗೆ ಕೈಬೋರ್‌ವೆಲ್ಲೇ ಗತಿ. ನಾಲ್ಕು ಗಂಟೆಗೆ ಹೋದ್ರೆ ಮುಂದೆ ಮೂರು ಬಿಂದಿಗೆ, ನಾಲ್ಕೂವರೆಗೆ ಹೋದ್ರೆ ಮೂವತ್ತು. ಹಂಗಾಗಿ ಅಪ್ಪನ ಆರು ಗಂಟೆ ಶಿಫ್ಟು ನಮ್ಮವ್ವನಿಗೆ ಮೂರೂಮುಕ್ಕಾಲಿಗೇ ಶುರುವಾಗ್ತಿತ್ತು.

ಅವ್ವನ ಜಾಣತನ ಇದ್ದಿದ್ದು ರಾತ್ರೀಲಿ. ನಮ್ಮನೇಲಿ ಇದ್ದುದು ಹೊಟ್ಟಿನ ಒಲೆ, ಸಾಮಿಲ್ಲಿಂದ ಮೂಟೆ ಲೆಕ್ಕದಲ್ಲಿ ಮರದ ಹೊಟ್ಟು ತರೋದು. ಮಲಗೋ ಮುಂಚೆ ತಗಡಿನ ಒಲೆ ನಡುವೆ ಒಂದು ಬಾಟ್ಲಿ ನಿಲ್ಲಿಸಿ, ಸುತ್ತ ಹೊಟ್ಟು ಹಾಕಿ ಗಟ್ಟಿಯಾಗಿ ಗಿಡಿದು, ಬಾಟ್ಲಿ ಹಗೂರಕ್ಕೆ ತಿರುಗಿಸಿ ಎಳೆಯೋಳು. ನಡುವೆ ಉಳಿದ ತೂತೇ ಉರಿ ಹೋಗೋ ದಾರಿ. ಸರಿಯಾಗಿ ಗಿಡಿದಿದ್ರೆ ಬೆಳಿಗ್ಗೆ ಒಂದು ಕಡ್ಡಿ ಗೀರಿದ್ರೆ ಸಾಕು, ಎರಡು ಮೂರು ಗಂಟೆ ಉರಿಯೋದು. ಸಡಿಲ ಬಿಟ್ಟಿದ್ರೆ ಹೊಟ್ಟು ಕುಸಿದು ಮನೆಯೆಲ್ಲ ಹೊಗೆ. ಈರುಳ್ಳಿ ಹೆಚ್ಚಿ ತಟ್ಟೆ ಮುಚ್ಚೋದು, ಅಪ್ಪನ ಅಂಗಿ ಮೊಳೆಗೆ ಹಾಕೋದು, ಹಾಲಿನ ಕಾರ್ಡು ಬಾಗಿಲ ಮೂಲೇಲಿ ಸಿಗಿಸೋದು, ಎಲ್ಲಾ ರಾತ್ರಿಯೇ. ಈಗ ಮೊಬೈಲಲ್ಲಿ "ನಾಳೆಯ ತಯಾರಿ ಇವತ್ತೇ ಮಾಡಿ" ಅಂತ ಯಾರ್ಯಾರೋ ಹೇಳೋದು ನೋಡಿದ್ರೆ ನಂಗೆ ಆ ಬಾಟ್ಲಿ ನೆನಪಾಗುತ್ತೆ. ರೇಡಿಯೋಲಿ 6:55ಕ್ಕೆ ಸಂಸ್ಕೃತ ವಾರ್ತೆ ಶುರುವಾಯ್ತು ಅಂದ್ರೆ ನಮ್ಮನ್ನ ಎಬ್ಬಿಸೋ ಹೊತ್ತು. ಒಂದಕ್ಷರ ಅರ್ಥ ಆಗ್ತಿರ್ಲಿಲ್ಲ, ಆದ್ರೂ ಅದು ನಮಗೆ ಗಂಟೆ ಹೊಡೆದಂಗೆ.

1948ರ ಫ್ಯಾಕ್ಟರಿ ಕಾಯ್ದೆಲಿ ಒಂದು ನಿಯಮ ಇತ್ತು. ಹೆಂಗಸರನ್ನ ಬೆಳಿಗ್ಗೆ ಆರಕ್ಕೆ ಮುಂಚೆ, ರಾತ್ರಿ ಏಳರ ಮೇಲೆ ಕಾರ್ಖಾನೇಲಿ ದುಡಿಸಬಾರದು ಅಂತ. ನಾನು ಇದನ್ನ ತಿಳ್ಕೊಂಡಿದ್ದು ಗಾರ್ಮೆಂಟ್ಸ್‌ಗೆ ಸೇರಿದ ಮೇಲೆ. ಒಳ್ಳೇ ಉದ್ದೇಶದ ಕಾನೂನೇ. ಆದ್ರೆ ಬೆಳಿಗ್ಗೆ ಆರಕ್ಕೆ ಮುಂಚೆ ಹೆಂಗಸು ಮನೇಲಿ ಮಲಗಿರ್ತಾಳೆ ಅಂದ್ಕೊಂಡು ಬರೆದಂಗಿದೆ. ನಮ್ಮವ್ವನ ಎರಡು ಗಂಟೆ ಕೆಲಸ ಅಷ್ಟೊತ್ತಿಗೆ ಮುಗಿದಿರೋದು.

ನಾನು ಟೈಲರ್ ಆಗಿ ಸೇರಿದ್ದು 1996ರಲ್ಲಿ, ಮಗಳಿಗೆ ನಾಲ್ಕು ವರ್ಷ ಆಗಿದ್ದಾಗ. ಪೀಣ್ಯದ ಕಡೆ ಒಂದು ಕಾರ್ಖಾನೆ, ಹೆಸರು ಬೇಡ. ಅಷ್ಟೊತ್ತಿಗೆ ಲಗ್ಗೆರೆಗೆ ಬಂದಿದ್ವಿ. ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆ, ದಾಸರಹಳ್ಳಿ, ಎಲ್ಲಾ ಕಡೆಯಿಂದ ಬೆಳಿಗ್ಗೆ ಎಂಟೂವರೆಗೆ ರಸ್ತೆ ತುಂಬ ಹೆಂಗಸರು. ಹೆಗಲಿಗೆ ಬ್ಯಾಗು, ಬ್ಯಾಗಲ್ಲಿ ಡಬ್ಬಿ, ತಲೇಲಿ ಒದ್ದೆ ಜಡೆ. ನಡೆಯೋಕಿಂತ ಜೋರು, ಓಡೋಕಿಂತ ಕಮ್ಮಿ, ಆ ನಡಿಗೆ ಗಾರ್ಮೆಂಟ್ಸ್ ಹೆಂಗಸರದ್ದು ಅಂತ ದೂರದಿಂದ್ಲೇ ಗೊತ್ತಾಗ್ತಿತ್ತು.

ಒಂಬತ್ತಕ್ಕೆ ಲೈನ್ ಶುರು. ಹತ್ತು ನಿಮಿಷ ಆದ್ಮೇಲೆ ಗೇಟು ಹಾಕೋರು, ಆಮೇಲೆ ಬಂದ್ರೆ ಅರ್ಧ ದಿನದ ಸಂಬಳ ಹೋಯ್ತು. ಒಂದಿನ ಮಗಳಿಗೆ ಜ್ವರ. ಪಕ್ಕದ್ಮನೆ ಅಜ್ಜಿ ಮಡಿಲಿಗೆ ಹಾಕಿ ಓಡ್ದೆ, ನಾನು ಗೇಟು ಮುಟ್ಟೋಕೂ ಅವನು ಚಿಲಕ ಹಾಕೋಕೂ ಸರಿಹೋಯ್ತು. ಹೊರಗೆ ನಿಂತು ಅತ್ತೆ. ಆವತ್ತು ಅಳು ಬಂದಿದ್ದು ದುಡ್ಡಿಗಲ್ಲ. ಹೆಂಗಿದ್ರೂ ತಡ ಆಯ್ತಲ್ಲ, ಇನ್ನೈದು ನಿಮಿಷ ಮಗೂ ಹತ್ರ ಕೂತಿರಬಹುದಿತ್ತು ಅನ್ನೋದಕ್ಕೆ.

ಆಗಿನ ಕಾನೂನಿನ ಪ್ರಕಾರ ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರೋ ಕಾರ್ಖಾನೇಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರ ಇರ್ಬೇಕಿತ್ತು. ನಮ್ಮಲ್ಲೂ ಒಂದು ರೂಮು ಇತ್ತು, ಬಾಗಿಲ ಮೇಲೆ ಬೋರ್ಡೂ ಇತ್ತು. ಆದ್ರೆ ಎಲ್ಲಾ ಮಕ್ಕಳಿಗೆ ಅಲ್ಲಿ ಜಾಗ ಆಗ್ತಿರ್ಲಿಲ್ಲ, ಬಸ್ಸಲ್ಲಿ ಮಗೂ ಹೊತ್ಕೊಂಡು ಬರೋದೂ ಆಗ್ತಿರ್ಲಿಲ್ಲ. ಅಜ್ಜಿಗೆ ತಿಂಗಳಿಗೆ ಒಂದಿಷ್ಟು ಕೊಟ್ಟು ಬಿಟ್ಟು ಬರ್ತಿದ್ದೆ. ಪಾಪ, ಆಯಮ್ಮ ಇಲ್ದಿದ್ರೆ ನಾನು ಇಪ್ಪತ್ತೆರಡು ವರ್ಷ ದುಡೀತಿರ್ಲಿಲ್ಲ.

ನನ್ನ ಬೆಳಿಗ್ಗೆ ಹಿಂಗಿತ್ತು: ನಾಲ್ಕೂಮುಕ್ಕಾಲಿಗೆ ಏಳೋದು. ಬೀದಿ ನಲ್ಲಿ ಇಲ್ವೇ ಟ್ಯಾಂಕರು. ಆರೂವರೆಗೆ ಚಿತ್ರಾನ್ನನೋ ಉಪ್ಪಿಟ್ಟೋ, ಮೂರು ಡಬ್ಬಿಗೆ ಹಾಕೋದು. ಮಗಳ ಜಡೆ ಹೆಣೆಯೋದು, ಅದೂ ಹಿಂದೆ ನಿಂತು. ಆಗ ನಂಗೆ ಅವಳ ಮುಖ ಕಾಣ್ತಿರ್ಲಿಲ್ಲ, ಅವಳಿಗೆ ನನ್ನ ಮುಖ ಕಾಣ್ತಿರ್ಲಿಲ್ಲ. ನಾನು ತಿಂಡಿ ತಿಂತಿದ್ದುದು ಅಡುಗೆಮನೆ ಕಟ್ಟೆಗೆ ಒರಗಿ ನಿಂತ್ಕೊಂಡೇ, ಎಷ್ಟೋ ದಿನ ಅದೂ ಇಲ್ಲ. ಖಾಲಿ ಹೊಟ್ಟೇಲಿ ಟೀ ಕುಡಿದು ಹೋಗಿ ಮಿಷನ್ ಮೇಲೆ ತಲೆ ಸುತ್ತಿ ಬಿದ್ದೋರನ್ನ ನಾನು ಕಣ್ಣಾರೆ ಕಂಡಿದೀನಿ, ನಾನೂ ಒಂದು ಸಲ ಬಿದ್ದಿದೀನಿ. ರಕ್ತ ಕಮ್ಮಿ ಅಂತ ಡಾಕ್ಟ್ರು ಕಬ್ಬಿಣದ ಮಾತ್ರೆ ಬರೆದುಕೊಟ್ರು. ಮಾತ್ರೆ ತಿಂದೆ, ತಿಂಡಿ ತಿನ್ನೋದು ಕಲೀಲಿಲ್ಲ.

ಇಷ್ಟೆಲ್ಲ ಕಟ್ಟಿಟ್ಟಿದ್ದು ಪಿಎಫ್‌ನಲ್ಲಿ. 2016ರಲ್ಲಿ ಕೇಂದ್ರದೋರು, ಮಾಲೀಕರ ಪಾಲಿನ ಪಿಎಫ್ ದುಡ್ಡು 58 ವರ್ಷ ಆಗೋವರೆಗೂ ತೆಗೆಯಂಗಿಲ್ಲ ಅಂತ ನಿಯಮ ತಂದ್ರು. ಏಪ್ರಿಲ್ 18ರಂದು ಬೊಮ್ಮನಹಳ್ಳಿ, ಹೊಸೂರು ರಸ್ತೆ ಕಡೆ ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದ್ರು. ಮರುದಿನ ನಮ್ಮ ತುಮಕೂರು ರಸ್ತೆ, ಜಾಲಹಳ್ಳಿ ಕ್ರಾಸೂ ನಿಂತ್ಹೋಯ್ತು. ಕಲ್ಲು, ಬೆಂಕಿ, ಲಾಠಿ ಎಲ್ಲಾ ಆಯ್ತು, ಅದನ್ನ ಮುಚ್ಚಿಡಲ್ಲ. ಆದ್ರೆ 19ನೇ ತಾರೀಕು ಸಂಜೆ ಸರ್ಕಾರ ಆ ನಿಯಮ ವಾಪಸ್ ತಗೊಂತು. ಇಡೀ ಬೆಂಗಳೂರು ಅವತ್ತು, ಈ ಹೆಂಗಸರು ಎಲ್ಲಿಂದ ಬಂದ್ರು ಅಂತ ನೋಡ್ತು. ದಿನಾ ಬೆಳಿಗ್ಗೆ ಎಂಟೂವರೆಗೆ ಅದೇ ರಸ್ತೇಲೇ ಇದ್ವಿ ಕಣ್ರಮ್ಮ.

ಇನ್ನು ಮಗಳ ಕಾಲ. ಅವಳು ಎಂಜಿನಿಯರಿಂಗ್ ಮುಗಿಸಿ 2014ರಲ್ಲಿ ಎಲೆಕ್ಟ್ರಾನಿಕ್ ಸಿಟೀಲಿ ಕೆಲಸಕ್ಕೆ ಸೇರಿದ್ಲು. ಕಿಯೋನಿಕ್ಸ್‌ನ ಮೊದಲ ಅಧ್ಯಕ್ಷರಾಗಿದ್ದ ಆರ್. ಕೆ. ಬಾಳಿಗಾ ಅವರ ಕನಸು ಅದು. 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ 332 ಎಕರೇಲಿ ಶುರುವಾಯ್ತು. ಅಪ್ಪನ ಪೀಣ್ಯದ ಸಂಘ ಹುಟ್ಟಿದ್ದೂ ಅದೇ ವರ್ಷ. ಒಂದು ಊರಿನ ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. ಅಳಿಯ ಇರೋದು ಪೂರ್ವಕ್ಕೆ, ವೈಟ್‌ಫೀಲ್ಡಲ್ಲಿ. ಅದಂತೂ 1882ರಲ್ಲಿ ಮೈಸೂರು ಮಹಾರಾಜರು ಆಂಗ್ಲೋ ಇಂಡಿಯನ್ನರಿಗೆ ಕೊಟ್ಟ ಜಮೀನಲ್ಲಿ ಹುಟ್ಟಿದ ಊರು, ತೊಂಬತ್ತರ ದಶಕದಲ್ಲಿ ಐಟಿಪಿಎಲ್ ಬಂದ್ಮೇಲೆ ಐಟಿ ಊರಾಯ್ತು. ಮೂರೂ ಊರ ಹೊರಗೆ ಕಟ್ಟಿದ್ದು. ಮನೆಗಳು ಮಾತ್ರ ಊರೊಳಗೇ ಉಳಿದ್ವು. ಹಂಗಾಗಿ ನಮ್ಮವ್ವನ ಬೆಳಿಗ್ಗೆ ತಿಂದಿದ್ದು ನೀರಾದ್ರೆ, ಮಗಳ ಬೆಳಿಗ್ಗೆ ತಿಂದಿದ್ದು ದಾರಿ.

ಲಗ್ಗೆರೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಒಂಬತ್ತಕ್ಕೆ ಮುಟ್ಟೋಕೆ ಆರೂವರೆಗೆಲ್ಲ ಕ್ಯಾಬ್ ಹತ್ತೋಳು. 2010ರಲ್ಲಿ ಹೊಸೂರು ರಸ್ತೆ ಮೇಲೆ ಹತ್ತತ್ರ ಹತ್ತು ಕಿಲೋಮೀಟರ್ ಮೇಲುರಸ್ತೆ ಆಗಿತ್ತು, ಆದ್ರೆ ಅಲ್ಲಿಗೆ ಹೋಗೋಕೆ ಮುಂಚೆ ಸಿಲ್ಕ್ ಬೋರ್ಡ್ ದಾಟ್ಬೇಕಲ್ಲ. ಶಿಫ್ಟ್ ಬದಲಾಗಿ ಕತ್ತಲಲ್ಲಿ ಕ್ಯಾಬ್ ಬಂದ್ರೆ ನಾನು ಕೆಳಗಿಳಿದು ಡ್ರೈವರ್ ಮುಖ, ಗಾಡಿ ನಂಬರ್ ನೋಡದೆ ಕಳಿಸ್ತಿರ್ಲಿಲ್ಲ. 2005ರ ಡಿಸೆಂಬರಲ್ಲಿ ಇದೇ ಊರಲ್ಲಿ ಕಾಲ್ ಸೆಂಟರ್ ಹೆಣ್ಮಗಳೊಬ್ಬಳನ್ನ ಕಂಪನಿ ಗಾಡಿ ಅಂತ ಬಂದವನೇ ಕೊಂದಿದ್ದ. ಮರೆಯೋದು ಹೆಂಗೆ? ಫ್ಯಾಕ್ಟರಿ ಹೆಂಗಸರಿಗೂ ರಾತ್ರಿ ಪಾಳಿ ಮಾಡಬಹುದು ಅಂತ ನಮ್ಮ ರಾಜ್ಯದಲ್ಲಿ 2019ರಲ್ಲಿ ಆದೇಶ ಆಯ್ತು, ಗಾಡಿ ಕೊಡ್ಬೇಕು, ಅವಳ ಒಪ್ಪಿಗೆ ಬೇಕು ಅಂತ ಷರತ್ತು ಹಾಕಿ. ಬಾಗಿಲು ತೆಗೆದದ್ದು ಒಳ್ಳೇದೇ. ಆದ್ರೆ ಬಾಗಿಲಿಂದ ಮನೇವರೆಗಿನ ಕತ್ತಲು ಇದ್ದೇ ಇದೆ.

ಒಂದು ತಪ್ಪು ಒಪ್ಕೋಬೇಕು. ಮಗಳು ಪ್ಯಾಕೆಟ್ ದೋಸೆ ಹಿಟ್ಟು ತಂದಾಗೆಲ್ಲ ನಾನು ಮೂತಿ ತಿರುವ್ತಿದ್ದೆ, "ಅಕ್ಕಿ ನೆನೆಹಾಕೋಕೂ ಟೈಮಿಲ್ವಾ" ಅಂತ. ಆಮೇಲೆ ಯೋಚ್ನೆ ಮಾಡ್ದೆ. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೇ ಇದ್ದಾಗ ಎಂಟಿಆರ್‌ನೋರು ರವೆ ಇಡ್ಲಿ ಮಾಡಿದ್ರು ಅಂತಾರೆ, ಅದನ್ನ ನಾವು ಚಪ್ಪರಿಸಿ ತಿಂತೀವಿ. ಐಡಿ ಹಿಟ್ಟೂ 2005ರಲ್ಲಿ ಇಲ್ಲೇ ತಿಪ್ಪಸಂದ್ರದ ಒಂದು ಪುಟ್ಟ ಅಡುಗೆಮನೇಲಿ ಶುರುವಾಗಿದ್ದು. ಆಗ ಅಕ್ಕಿ ಇರ್ಲಿಲ್ಲ, ಈಗ ಹೊತ್ತು ಇಲ್ಲ. ಅವ್ವ ಹೊಟ್ಟಿನ ಒಲೆ ಬಿಟ್ಟು ಸೀಮೆಎಣ್ಣೆ ಸ್ಟವ್ ತಂದಾಗ್ಲೂ ನಮ್ಮಜ್ಜಿ ಅಡುಗೆ ವಾಸನೆ ಅಂತ ಬೈದಿದ್ರು.

ಇನ್ನೊಂದು ಲೆಕ್ಕ ಹೇಳಿ ಮುಗಿಸ್ತೀನಿ, ಇದನ್ನ ಮಗಳೇ ತೋರಿಸಿದ್ದು. ಜನ ದಿನದ ಹೊತ್ತನ್ನ ಹೆಂಗೆ ಕಳೀತಾರೆ ಅಂತ ಕೇಂದ್ರ ಸರ್ಕಾರ ಸಮೀಕ್ಷೆ ಮಾಡುತ್ತೆ. 2019ರಲ್ಲಿ, ಸಂಬಳ ಇಲ್ಲದ ಮನೆಗೆಲಸಕ್ಕೆ ಕೈ ಹಾಕೋ ಹೆಂಗಸರು ದಿನಕ್ಕೆ 299 ನಿಮಿಷ ಕೊಡ್ತಿದ್ರು, ಗಂಡಸರು 97. 2024ರಲ್ಲಿ ಹೆಂಗಸರದ್ದು 289, ಗಂಡಸರದ್ದು 88. ನಮ್ಮದು ಹತ್ತು ನಿಮಿಷ ಇಳೀತು ಅಂತ ಖುಷಿ ಪಡೋಷ್ಟರಲ್ಲಿ ಅವರದ್ದೂ ಒಂಬತ್ತು ನಿಮಿಷ ಇಳಿದಿದೆ ನೋಡಿ! ಅದೂ ಮಾಡೋ ಗಂಡಸರ ಲೆಕ್ಕ ಮಾತ್ರ, ಮಾಡೋರೇ ನೂರಕ್ಕೆ ಕಾಲುಭಾಗದಷ್ಟು. ಜನಗಣತೀಲಿ ನಮ್ಮವ್ವನಂಥೋರನ್ನ ಕೆಲಸ ಮಾಡದೋರ ಪಟ್ಟಿಗೆ ಸೇರಿಸ್ತಾರೆ. ಮೂರೂಮುಕ್ಕಾಲಿಗೆ ಎದ್ದವಳು ಕೆಲಸ ಮಾಡದವಳು.

ಈಗ ಏನು ಮಾಡಿದ್ವಿ ಅಂತ ಹೇಳ್ತೀನಿ. 2017ರ ಕಾನೂನಿಂದ ಮಗಳಿಗೆ 26 ವಾರ ರಜ ಸಿಕ್ತು, ನನ್ನ ಕಾಲದಲ್ಲಿ 12 ಇತ್ತು. ಹೋದ ಆಗಸ್ಟಲ್ಲಿ, 2025ರಲ್ಲಿ, ಆರ್.ವಿ. ರೋಡಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೋ ಬಂತು, ಎಲೆಕ್ಟ್ರಾನಿಕ್ ಸಿಟಿ ಮೇಲೇ ಹೋಗುತ್ತೆ. ಶುರುವಲ್ಲಿ ಮೂರೇ ರೈಲು, 25 ನಿಮಿಷಕ್ಕೊಂದು, ಒಂದು ತಪ್ಪಿದ್ರೆ ಬೆಳಿಗ್ಗೆಯೆಲ್ಲ ತಪ್ಪಿದಂಗೆ. ಆದ್ರೂ ಸಿಲ್ಕ್ ಬೋರ್ಡಲ್ಲಿ ಕೂತು ಕೊಳೆಯೋದು ತಪ್ತು. ಅಳಿಯನಿಗೂ ಕಾಡುಗೋಡಿವರೆಗೆ ಮೆಟ್ರೋ ಇದೆ, 2023ರಿಂದ. ಅದೇ ವರ್ಷ ಜೂನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಫ್ರೀ ಆಯ್ತಲ್ಲ, ನಾನು ವಾರಕ್ಕೆ ಮೂರು ದಿನ ಲಗ್ಗೆರೆಯಿಂದ ಬನಶಂಕರಿಗೆ ಯಾರ ಕೈಯನ್ನೂ ನೋಡದೆ ಬರ್ತೀನಿ. ಮೂವರು ಕೂತು ಆ ಹಾಳೆ ಮತ್ತೆ ಬರೆದ್ವಿ. ತರಕಾರಿ ಹೆಚ್ಚೋದು, ಡಬ್ಬಿ ತೆಗೆದಿಡೋದು, ಬಟ್ಟೆ, ಬ್ಯಾಗು ಎಲ್ಲಾ ರಾತ್ರಿ ಒಂಬತ್ತೂವರೆಗೆ, ಅವ್ವನ ಬಾಟ್ಲಿ ಲೆಕ್ಕ. ಬೆಳಿಗ್ಗೆ ತಿಂಡಿ ಅಳಿಯನ ಪಾಲು. ಅವನ ಉಪ್ಪಿಟ್ಟು ಮೊದಲ ವಾರ ಗಂಟು ಗಂಟು. ನಾನು ಬಾಯಿ ಮುಚ್ಕೊಂಡು ತಿಂದೆ, ಅದು ನನ್ನ ಪಾಲಿನ ಕೆಲಸ. ಮೂರನೇ ವಾರಕ್ಕೆ ರವೆ ಹುರಿಯೋದು ಕಲ್ತ.

ಇಷ್ಟೆಲ್ಲ ಉಳಿಸಿ ಸಿಕ್ಕಿದ್ದು ಇಪ್ಪತ್ತು ನಿಮಿಷ. ಹಾಳೇಲಿ ಅದರ ಮುಂದೆ ಮಗಳು ಏನೂ ಬರೀಲಿಲ್ಲ, ಖಾಲಿ ಬಿಟ್ಲು. ಕೆಲಸಕ್ಕೆ ಹೋದ ಮೊದಲನೇ ದಿನ ಆ ಹೊತ್ತಿಗೆ ನೆಲದ ಮೇಲೆ ಕೂತು ಮಗೂನ ಮುಂದೆ ಕೂರಿಸ್ಕೊಂಡು ಸುಮ್ನೆ ಮಾತಾಡಿಸ್ತಿದ್ಲು. ನಾನು ಅಭ್ಯಾಸಬಲ, ಪಾತ್ರೆ ಎತ್ತಿಡೋಕೆ ಎದ್ದೆ. "ಅಮ್ಮ, ಕೂತ್ಕೋ" ಅಂದ್ಲು. ಎದುರಿಗೆ ಕೂತು, ತಟ್ಟೇಲಿ ತಿಂಡಿ ಹಾಕ್ಕೊಂಡು ತಿಂದೆ. ಎಷ್ಟು ವರ್ಷ ಆಗಿತ್ತೋ ಬೆಳಿಗ್ಗೆ ಹೊತ್ತು ಕೂತು ತಿಂದು.

ನಿಮ್ಮನೇಲಿ ಯಾರು ಮೊದಲು ಏಳ್ತಿದ್ರು, ಎಷ್ಟೊತ್ತಿಗೆ, ಯಾಕೆ ಅಂತ ನಿಮ್ಮ ಅವ್ವಂದಿರು ಇದ್ರೆ ಈಗ್ಲೇ ಕೇಳಿ ಬರೆದಿಟ್ಕೊಳಿ. ನಮ್ಮವ್ವನ್ನ ಕೇಳೋಣ ಅಂದ್ರೆ ಅವಳಿಲ್ಲ. ಅಪ್ಪನ ವಾಚು ನನ್ನ ಬೀರೂಲಿದೆ, ಕೀ ಕೊಟ್ರೆ ಇನ್ನೂ ಓಡುತ್ತೆ.